ಅಟ್ಟದಿಂದ ಇಳಿಸಿದ ಹಳೆಯ ಗಿಟಾರ್: ದಶಕಗಳ ಕಾಲ ನುಡಿಸಬೇಕಾದರೆ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಹಳೆಯ ಅಗ್ಗದ ಗಿಟಾರ್ ಕೈಗೆ ಬಂದವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಮೊದಲು ಹೊಸ ತಂತಿ ಹಾಕುತ್ತಾರೆ. ತಂತಿ ಎತ್ತರವಾಗಿದೆ, ಬೆರಳು ನೋಯುತ್ತದೆ ಎಂದು ಸ್ಯಾಡಲ್ (ಬಾಡಿಯ ಮೇಲಿನ ಬ್ರಿಡ್ಜ್ ಎಂಬ ಮರದ ಕಟ್ಟೆಯಲ್ಲಿ ತಂತಿ ಆನುವ ತೆಳು ಪಟ್ಟಿ) ಉಜ್ಜುತ್ತಾರೆ. ತಂತಿ ಜುಂಯ್ ಅನ್ನತೊಡಗಿದರೆ ಟ್ರಸ್ ರಾಡ್ (ನೆಕ್, ಅಂದರೆ ಗಿಟಾರ್ ಕುತ್ತಿಗೆಯೊಳಗಿನ ಬಾಗು ತಿದ್ದುವ ಲೋಹದ ಸರಳು) ತಿರುಗಿಸುತ್ತಾರೆ. ಅಷ್ಟರಲ್ಲಿ ಮಳೆಗಾಲ ಬಂದು ಎಲ್ಲ ಅಳತೆಯೂ ತಪ್ಪುತ್ತದೆ, ಗಿಟಾರ್ ಮತ್ತೆ ಅಟ್ಟ ಸೇರುತ್ತದೆ.

ಇವರು ಮಾಡಿದ ಕೆಲಸಗಳಲ್ಲಿ ತಪ್ಪಿಲ್ಲ, ಮಾಡಿದ ಕ್ರಮ ತಪ್ಪು. ಸ್ಯಾಡಲ್‌ನ ಎತ್ತರ ಎಷ್ಟಿರಬೇಕು ಎಂಬುದನ್ನು ನೆಕ್‌ನ ಬಾಗು ನಿರ್ಧರಿಸುತ್ತದೆ. ನೆಕ್‌ನ ಬಾಗನ್ನು ತಂತಿಯ ಎಳೆತ ಮತ್ತು ಮರದ ತೇವ ನಿರ್ಧರಿಸುತ್ತವೆ. ಒಳಗೆ ಹಲಗೆಗೆ ಆಧಾರವಾಗಿ ಅಂಟಿಸಿದ ಮರದ ಪಟ್ಟಿ, ಅಂದರೆ ಬ್ರೇಸ್, ಬಿಟ್ಟುಕೊಂಡಿದ್ದರೆ ಇವ್ಯಾವುದಕ್ಕೂ ಅರ್ಥವಿಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ಯಾವುದನ್ನೂ ಹಾರಿಸಬೇಡಿ.

## ಬೇಕಾಗುವ ಸಾಮಾನು

ಬಹುಪಾಲು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.

- 60 ಸೆಂ.ಮೀ. ಮತ್ತು 15 ಸೆಂ.ಮೀ. ಉದ್ದದ ಎರಡು ಸ್ಟೀಲ್ ಸ್ಕೇಲ್. ಉದ್ದನೆಯದು ನೇರ ಇರಲೇಬೇಕು. ಅಂಗಡಿಯಲ್ಲೇ ಗಾಜಿನ ಮೇಲೆ ನಿಲ್ಲಿಸಿ, ಅಡಿಯಿಂದ ಬೆಳಕು ಸೋರುತ್ತದೆಯೇ ನೋಡಿ ಕೊಳ್ಳಿ.
- ಗ್ಯಾರೇಜಿನವರು ಬಳಸುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ಒಂದು ಸೆಟ್.
- ಕ್ಯಾಪೊ (ನೆಕ್ ಮೇಲೆ ಎಲ್ಲ ತಂತಿಯನ್ನೂ ಒತ್ತಿ ಹಿಡಿಯುವ ಕ್ಲಿಪ್), ಟ್ಯೂನರ್ (ಮೊಬೈಲ್ ಆ್ಯಪ್ ಆದರೂ ಸಾಕು), ಚಿಕ್ಕ ಕನ್ನಡಿ, ಟಾರ್ಚ್.
- ತೇವಮಾಪಕ, ಅಂದರೆ ಡಿಜಿಟಲ್ ಹೈಗ್ರೋಮೀಟರ್.
- 120, 220, 400, 1000 ನಂಬರಿನ ಸ್ಯಾಂಡ್‌ಪೇಪರ್, ಮಾಸ್ಕಿಂಗ್ ಟೇಪ್, ಸೂಜಿ ಅರಗಳು, ಗ್ಯಾಸ್ ವೆಲ್ಡಿಂಗ್‌ನವರ ಟಿಪ್ ಕ್ಲೀನರ್.
- ಹಳದಿ ಬಣ್ಣದ ಮರದಂಟು, ಎರಡು ಮೂರು ಸಿ ಕ್ಲಾಂಪ್.
- ಹೊಲಿಗೆ ಯಂತ್ರದ ಎಣ್ಣೆ, ಹಳೆಯ ಹತ್ತಿ ಬಟ್ಟೆ.

ಅಂಟಿನ ವಿಷಯದಲ್ಲಿ ಒಂದು ಮಾತು. ಸಾಮಾನ್ಯ ಬಿಳಿ ಮರದಂಟು ಕುರ್ಚಿ ಮೇಜಿಗೆ ಚೆನ್ನಾಗಿಯೇ ಹಿಡಿಯುತ್ತದೆ. ಹಗಲು ರಾತ್ರಿ ತಂತಿ ಎಳೆಯುತ್ತಲೇ ಇರುವ ಜಾಗದಲ್ಲಿ ಮಾತ್ರ ಅದು ನಿಧಾನವಾಗಿ ಜಾರುತ್ತದೆ, ಬಿಸಿಗೆ ಮೆತ್ತಗಾಗುತ್ತದೆ. ಎಪಾಕ್ಸಿ ಹಾಕಿದರೆ ಮುಂದೆ ಯಾರೂ ಅದನ್ನು ಸುಲಭವಾಗಿ ಬಿಚ್ಚಲಾರರು. ದಶಕಗಳ ಕಾಲ ಬಾಳಬೇಕಾದ ವಾದ್ಯಕ್ಕೆ ಬಿಚ್ಚಿ ಮತ್ತೆ ಕೂಡಿಸಲು ಬರುವ ಅಂಟೇ ಸರಿ.

## ಹಂತ 1: ನಿಮ್ಮ ಕೈಯಲ್ಲಿರುವುದು ಯಾವ ಜಾತಿಯದು?

ತಂತಿ ಸಡಿಲಿಸಿ ಇದನ್ನು ಪತ್ತೆ ಮಾಡಿ. ಮುಂದಿನ ಅರ್ಧ ನಿರ್ಧಾರಗಳು ಇದರ ಮೇಲೆಯೇ ನಿಂತಿವೆ.

ನೈಲಾನ್ ತಂತಿಗೆಂದು ಮಾಡಿದ ಗಿಟಾರ್‌ಗೆ ಸ್ಟೀಲ್ ತಂತಿ ಹಾಕುವುದು ನಮ್ಮಲ್ಲಿ ಅತಿ ಸಾಮಾನ್ಯವಾದ ಹಾಗೂ ಅತಿ ದುಬಾರಿಯಾದ ತಪ್ಪು. ಅಗಲವಾದ ನೆಕ್, ತಂತಿ ಬಿಗಿಯುವ ಕೀಲಿಗಳಿರುವ ತುದಿಯಾದ ಹೆಡ್‌ನಲ್ಲಿ ಎರಡು ಉದ್ದನೆಯ ಸೀಳು, ತಂತಿಯನ್ನು ಗಂಟು ಹಾಕಿ ಕಟ್ಟುವ ಬ್ರಿಡ್ಜ್ ಇದ್ದರೆ ಅದು ನೈಲಾನ್‌ನದು. ಸ್ಟೀಲ್ ತಂತಿಯ ಎಳೆತ ಅದರ ಹೆಚ್ಚುಕಡಿಮೆ ಎರಡರಷ್ಟು. ಬ್ರಿಡ್ಜ್ ಕಿತ್ತುಬರುತ್ತದೆ, ಇಲ್ಲವೇ ಮೇಲ್ಹಲಗೆ ಉಬ್ಬುತ್ತದೆ. ಸೀಳಿರುವ ಹೆಡ್ ಕೆಲವು ಸ್ಟೀಲ್ ಗಿಟಾರ್‌ಗಳಲ್ಲೂ ಉಂಟು. ಹಾಗಾಗಿ ಮೂರು ಗುರುತನ್ನೂ ಸೇರಿಸಿ ನೋಡಿ.

ಸ್ಟೀಲ್ ತಂತಿಯವುಗಳಲ್ಲಿ ಎರಡು ಬಗೆ. ಒಂದರಲ್ಲಿ ತಂತಿ ಬ್ರಿಡ್ಜ್‌ನ ಪಿನ್ನುಗಳಲ್ಲಿ ಕೊನೆಗೊಳ್ಳುತ್ತದೆ. ಇನ್ನೊಂದರಲ್ಲಿ ಬ್ರಿಡ್ಜನ್ನು ಅಂಟಿಸಿರುವುದೇ ಇಲ್ಲ, ತಂತಿ ಅದರ ಮೇಲೆ ಹಾಯ್ದು ಗಿಟಾರ್‌ನ ತುದಿಯ ಲೋಹದ ಟೇಲ್‌ಪೀಸ್‌ಗೆ ಸಿಕ್ಕಿಕೊಳ್ಳುತ್ತದೆ. ಎರಡನೆಯದರಲ್ಲಿ ಆರೂ ತಂತಿಯನ್ನು ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಬಿದ್ದುಹೋಗುತ್ತದೆ. ಅದರ ಜಾಗಕ್ಕೆ ಮಾಸ್ಕಿಂಗ್ ಟೇಪ್‌ನಿಂದ ಗುರುತು ಮಾಡಿದ ಮೇಲೆಯೇ ಬಿಚ್ಚಿ.

ಇನ್ನು ಮರ. ಸೌಂಡ್ ಹೋಲ್‌ನ ಅಂಚನ್ನು ಟಾರ್ಚ್ ಹಾಕಿ ನೋಡಿ. ಮೇಲಿನ ಎಳೆಗಳು ಅಂಚಿನಲ್ಲೂ ಕೆಳಗಿನವರೆಗೆ ಮುಂದುವರಿದರೆ ಒಂದೇ ಹಲಗೆ. ಪದರ ಪದರವಾಗಿ ಕಂಡರೆ ಪ್ಲೈ. ಕೋಲ್ಕತ್ತಾದ ಗಿವ್ಸನ್‌ನಂಥ ಅಗ್ಗದ ಗಿಟಾರ್‌ಗಳಲ್ಲಿ ಹೆಚ್ಚಿನವು ಪ್ಲೈ. ಯಮಾಹಾ 1966ರಲ್ಲಿ ಹೊರತಂದ ಎಫ್‌ಜಿ 180ರ ಮೇಲ್ಹಲಗೆಯೂ ಪ್ಲೈ. ಪ್ಲೈ ಎಂದರೆ ಮೂಗು ಮುರಿಯಬೇಕಿಲ್ಲ. ಕರಾವಳಿಯ ಮಳೆಗಾಲ, ಬಯಲುಸೀಮೆಯ ಬೇಸಗೆ ಎರಡನ್ನೂ ಸೀಳದೆ ತಡೆದುಕೊಳ್ಳುವುದು ಅದೇ. ನಮ್ಮ ಹವೆಗೆ, ಕಡಿಮೆ ಖರ್ಚಿನಲ್ಲಿ, ಬಹುಕಾಲ ನುಡಿಸಬೇಕೆನ್ನುವವರಿಗೆ ನಾವು ಸೂಚಿಸುವುದು ಒಳ್ಳೆಯ ಪ್ಲೈ ಗಿಟಾರನ್ನೇ.

ವಿದೇಶದಲ್ಲಿರುವ ಕನ್ನಡಿಗರಿಗೆ ಹಳೆ ಸಾಮಾನಿನ ಮಾರಾಟಗಳಲ್ಲಿ ಅಮೆರಿಕದ ಹಾರ್ಮನಿ, ಸ್ಟೆಲ್ಲಾ ಗಿಟಾರ್‌ಗಳು ಸಿಗುತ್ತವೆ. ಶಿಕಾಗೋದ ಹಾರ್ಮನಿ ಕಂಪನಿ 1975ರಲ್ಲಿ ಮುಚ್ಚಿತು, ಅಂದರೆ ಆ ಕಾರ್ಖಾನೆಯ ಗಿಟಾರ್ ಯಾವುದಾದರೂ ಈಗ ಅರ್ಧ ಶತಮಾನ ಹಳೆಯದು. ಹಲವುಗಳ ಹೆಡ್ ಮೇಲೆ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಎಂದು ಬರೆದಿರುತ್ತದೆ. ನೆಕ್‌ನೊಳಗೆ ಕಬ್ಬಿಣದ ಪಟ್ಟಿ ಇದೆ ಎಂದಷ್ಟೇ ಅದರ ಅರ್ಥ. ತಿರುಗಿಸಿ ಸರಿಪಡಿಸುವ ಟ್ರಸ್ ರಾಡ್ ಅಂಥವುಗಳಲ್ಲಿ ಇರುವುದಿಲ್ಲ.

## ಹಂತ 2: ಒಳಗೂ ಹೊರಗೂ ತಪಾಸಣೆ

ಟಾರ್ಚ್ ಒಳಗೆ ಬಿಟ್ಟು ಕನ್ನಡಿ ಹಿಡಿದು ನೋಡಿ. ಮೊಬೈಲ್ ಕ್ಯಾಮೆರಾವನ್ನು ಸೌಂಡ್ ಹೋಲ್‌ಗೆ ಒಡ್ಡಿ ವಿಡಿಯೊ ತೆಗೆದರೆ ಇನ್ನೂ ಸಲೀಸು.

ಹುಳು. ಗಿಟಾರ್ ಇಟ್ಟ ಜಾಗದಲ್ಲಿ ಹಿಟ್ಟಿನಂಥ ಪುಡಿ ಬಿದ್ದಿದ್ದರೆ, ಮರದಲ್ಲಿ 1-2 ಮಿ.ಮೀ. ದುಂಡನೆಯ ತೂತುಗಳಿದ್ದರೆ ಕೊರಕ ಹುಳು ಒಳಗಿದೆ. ಮಲೆನಾಡು, ಕರಾವಳಿಯ ಅಟ್ಟಗಳಿಂದ ಇಳಿದ ಗಿಟಾರ್‌ಗಳಲ್ಲಿ ಇದನ್ನೇ ಮೊದಲು ನೋಡಬೇಕು. ಕಪ್ಪು ಬಟ್ಟೆಯ ಮೇಲೆ ಎರಡು ವಾರ ಇಟ್ಟು ಹೊಸ ಪುಡಿ ಬೀಳುತ್ತದೆಯೇ ಗಮನಿಸಿ. ಬಿದ್ದರೆ ಬೇರೆ ಮರದ ಸಾಮಾನಿನಿಂದ ದೂರವಿಡಿ, ಹುಳು ಸಾಯುವವರೆಗೆ ಉಳಿದ ಕೆಲಸ ಬೇಡ. ನೆಕ್‌ನ ಬುಡದಲ್ಲಿ ತೂತುಗಳಿದ್ದರೆ ಆ ಗಿಟಾರ್ ಕೊಳ್ಳಲೇಬೇಡಿ.

ಬ್ರೇಸ್. ಮೇಲ್ಹಲಗೆ, ಹಿಂದಿನ ಹಲಗೆಗಳನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಎಲ್ಲ ಕಡೆ ತುಂಬಿದ ಸದ್ದು ಬಂದು ಒಂದೇ ಕಡೆ ಲೊಟಲೊಟ ಅಥವಾ ಗರಗರ ಎಂದರೆ ಆ ಜಾಗದ ಬ್ರೇಸ್ ಬಿಟ್ಟಿದೆ. ತೆಳು ಕಾಗದದ ಚೂರನ್ನು ಬ್ರೇಸ್ ಮತ್ತು ಹಲಗೆಯ ನಡುವೆ ತೂರಿಸಿ. ಹೋದರೆ ಖಚಿತ.

ಬ್ರಿಡ್ಜ್. ಹಿಂದಿನ ಅಂಚಿನಡಿ ಅದೇ ಕಾಗದ ತೂರಿಸಿ. 1 ಮಿ.ಮೀ. ಹೋದರೆ ಚಿಂತೆಯಿಲ್ಲ. 3 ಮಿ.ಮೀ.ಗಿಂತ ಹೆಚ್ಚು ಹೋದರೆ ಬ್ರಿಡ್ಜ್ ಏಳುತ್ತಿದೆ. ಅದು ರಿಪೇರಿಯಾಗುವವರೆಗೆ ತಂತಿ ಬಿಗಿಯಬೇಡಿ.

ಹೆಡ್. ನೆಕ್ ತುದಿಯಲ್ಲಿ ತಂತಿಗಳು ಹಾಯುವ ಸೀಳುಪಟ್ಟಿಯಾದ ನಟ್‌ನ ಹಿಂಭಾಗದಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ, ಹೆಡ್ಡನ್ನು ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಒತ್ತಿ. ಗೆರೆ ಅಗಲವಾದರೆ ಹಿಂದೊಮ್ಮೆ ಬಿದ್ದು ಮುರಿದದ್ದು. ಇದು ರಿಪೇರಿಯಾಗುತ್ತದೆ, ಚೆನ್ನಾಗಿ ಅಂಟಿಸಿದ ಬಿರುಕು ದಶಕಗಳ ಕಾಲ ನಿಲ್ಲುತ್ತದೆ.

ನೆಕ್ ಕೂಡುವ ಜಾಗ. ಬುಡದಲ್ಲಿ ಬಾಡಿಯಿಂದ ಸಂದು ಬಿಟ್ಟಿದ್ದು, ಅದರೊಳಗೆ ಕಾಗದ ಹೋದರೆ ಹಂತ 6ರಲ್ಲಿ ಕೆಟ್ಟ ಸುದ್ದಿ ಬರುವ ಸಂಭವ ಹೆಚ್ಚು.

## ಹಂತ 3: ಎರಡು ವಾರ ಸುಮ್ಮನೆ ಬಿಡಿ

ಎಲ್ಲರೂ ಹಾರಿಸುವ ಹಂತ ಇದು. ಅಟ್ಟ ಅಂದರೆ ಹೆಂಚಿನ ಕೆಳಗಿನ ಕಾವು. ಅಲ್ಲಿಂದ ಬಂದ ಮರ ಒಣಗಿರುತ್ತದೆ. ಮಳೆಗಾಲದ ಮೂಲೆಯಿಂದ ಬಂದದ್ದು ನೀರು ಹೀರಿ ಊದಿರುತ್ತದೆ. ಆ ಸ್ಥಿತಿಯಲ್ಲಿ ತೆಗೆದ ಅಳತೆ ತಿಂಗಳಲ್ಲೇ ಸುಳ್ಳಾಗುತ್ತದೆ. ಒಣಗಿದಾಗ ಬಾಯಿಬಿಟ್ಟ ಸೀಳಿಗೆ ಅಂಟು ತುಂಬಿದರೆ, ಮರ ತೇವಕ್ಕೆ ಮರಳಿದಾಗ ಆ ಅಂಟೇ ಬೆಣೆಯಾಗಿ ನಿಂತು ಪಕ್ಕದಲ್ಲಿ ಹೊಸ ಸೀಳು ತರುತ್ತದೆ.

ಗಿಟಾರ್‌ಗೆ ಹಿತವಾದ ತೇವಾಂಶ ಶೇ. 45ರಿಂದ 55. ಬೆಂಗಳೂರು, ಮೈಸೂರಿನ ಮನೆಯೊಳಗೆ ಒಣ ತಿಂಗಳುಗಳಲ್ಲಿ ಇದಕ್ಕೆ ಹತ್ತಿರವೇ ಇರಬಹುದು. ಮಂಗಳೂರಿನ ಜುಲೈಯಲ್ಲಿ 85 ದಾಟುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನಗಳಲ್ಲಿ 30ಕ್ಕಿಂತ ಕೆಳಗೂ ಇಳಿಯುತ್ತದೆ. ಹೀಟರ್ ಹಾಕಿದ ಅಮೆರಿಕ, ಕೆನಡಾದ ಚಳಿಗಾಲದ ಮನೆಗಳೂ ಅಷ್ಟೇ ಒಣಗಿರಬಹುದು.

ಅಗ್ಗದ ಹೈಗ್ರೋಮೀಟರ್ ತೋರಿಸುವುದನ್ನು ಕಣ್ಣುಮುಚ್ಚಿ ನಂಬಬೇಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹನ್ನೆರಡು ಗಂಟೆ ಬಿಡಿ. ಮಾಪಕ 75 ತೋರಿಸಬೇಕು. 70 ತೋರಿಸಿದರೆ ಇನ್ನು ಮುಂದೆ ಪ್ರತಿ ಸಲ 5 ಕೂಡಿಸಿಕೊಳ್ಳಿ.

ಒಣಗಿದ ಗಿಟಾರ್ ಆದರೆ, ತೂತು ಕೊರೆದ ಸೋಪು ಡಬ್ಬಿಯಲ್ಲಿ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜು ಇಟ್ಟು, ಗಿಟಾರ್ ಜತೆ ಕೇಸಿನೊಳಗಿಡಿ. ಮೂರು ದಿನಕ್ಕೊಮ್ಮೆ ಮತ್ತೆ ಒದ್ದೆ ಮಾಡಿ. ತೇವ ಹೆಚ್ಚಿದ್ದರೆ 100 ಗ್ರಾಂ ಸಿಲಿಕಾ ಜೆಲ್ ಬಟ್ಟೆಯಲ್ಲಿ ಕಟ್ಟಿ ಇಡಿ. ಬಣ್ಣ ಬದಲಾದಾಗ ತವೆಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಬೇಗ ಒಣಗಲಿ ಎಂದು ಬಿಸಿಲಿಗಿಟ್ಟರೆ ಕೀಲುಗಳು ಬಿಡುತ್ತವೆ.

ಈ ಎರಡು ವಾರದಲ್ಲಿ ಒರೆಸುವ ಕೆಲಸ ಮುಗಿಸಿ. ಹಿಂಡಿದ ಬಟ್ಟೆ, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು, ಆಮೇಲೆ ಒಣ ಬಟ್ಟೆ. ಸ್ಪಿರಿಟ್, ಥಿನ್ನರ್ ಮುಟ್ಟಿಸಬೇಡಿ. ಅರಗಿನ ಪಾಲಿಶ್ ಸ್ಪಿರಿಟ್‌ಗೆ ಕರಗುತ್ತದೆ, ಲ್ಯಾಕರ್ ಥಿನ್ನರ್‌ಗೆ ಕರಗುತ್ತದೆ. ನೆಕ್ ಮೇಲೆ ಬೆರಳೊತ್ತುವ ಪಟ್ಟಿಯಾದ ಫಿಂಗರ್‌ಬೋರ್ಡ್‌ಗೆ ಕೊಬ್ಬರಿ ಎಣ್ಣೆಯೂ ಬೇಡ, ಜಿಡ್ಡುಗಟ್ಟಿ ದೂಳು ಹಿಡಿಯುತ್ತದೆ. ಅಗ್ಗದ ಗಿಟಾರ್‌ಗಳಲ್ಲಿ ಬಿಳಿ ಮರಕ್ಕೆ ಕಪ್ಪು ಬಣ್ಣ ಬಳಿದ ಫಿಂಗರ್‌ಬೋರ್ಡ್ ಬಹಳ. ತುದಿಯಲ್ಲಿ ಒಂದಿಷ್ಟು ಉಜ್ಜಿ, ಬಟ್ಟೆಗೆ ಕಪ್ಪು ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

## ಹಂತ 4: ಬಿಟ್ಟುಕೊಂಡದ್ದನ್ನು ಅಂಟಿಸುವುದು

ಬ್ರೇಸ್ ಅಂಟಿಸುವುದು ಮನೆಯಲ್ಲೇ ಆಗುವ ಕೆಲಸ. ಸಂದಿನ ದೂಳನ್ನು ಮೊದಲು ತೆಗೆಯಬೇಕು, ದೂಳಿನ ಮೇಲೆ ಹಾಕಿದ ಅಂಟು ವರ್ಷವೂ ನಿಲ್ಲುವುದಿಲ್ಲ. ತೆಳು ಸ್ಯಾಂಡ್‌ಪೇಪರ್ ಚೂರನ್ನು ಸಂದಿನಲ್ಲಿ ನಾಲ್ಕು ಬಾರಿ ಆಡಿಸಿ ಊದಿ. ಹಳದಿ ಮರದಂಟನ್ನು ವಿಸಿಟಿಂಗ್ ಕಾರ್ಡಿನ ತುದಿಯಿಂದ ಒಳಗೆ ತಳ್ಳಿ. ಸೌಂಡ್ ಹೋಲ್ ಮೂಲಕ ಕ್ಲಾಂಪ್ ಮುಟ್ಟದಿದ್ದರೆ, ಬ್ರೇಸ್‌ನಿಂದ ಎದುರಿನ ಹಲಗೆಯ ಬ್ರೇಸ್‌ಗೆ ತಾಗುವಷ್ಟು ಉದ್ದದ ಕಡ್ಡಿಯನ್ನು ಆನಿಸಿ ನಿಲ್ಲಿಸಬಹುದು. ಅತಿಯಾಗಿ ಒತ್ತಿದರೆ ಹಿಂದಿನ ಹಲಗೆ ಉಬ್ಬುತ್ತದೆ, ಅಂಟು ಸಣ್ಣ ಮಣಿಗಳಾಗಿ ಹೊರಬಂದರೆ ಸಾಕು. ಹೊರಬಂದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ. 24 ಗಂಟೆ ಮುಟ್ಟಬೇಡಿ.

ಬ್ರಿಡ್ಜ್ ಎದ್ದಿದ್ದರೆ ಸಂದಿಗೆ ಅಂಟು ಸುರಿದು ಒತ್ತಿ ಹಿಡಿಯುವ ಆಸೆ ಎಲ್ಲರಿಗೂ ಬರುತ್ತದೆ. ಅದು ನಿಲ್ಲುವುದಿಲ್ಲ. ಅರ್ಧ ಹಿಡಿದಿರುವುದನ್ನೂ ಬಿಡಿಸಿ, ಎರಡೂ ಮೈಯನ್ನು ಬರಿಮರ ಕಾಣುವವರೆಗೆ ಕೆರೆದು, ಹೊಸದಾಗಿ ಅಂಟಿಸಿ ಕ್ಲಾಂಪ್ ಹಾಕಬೇಕು. ಬಿಡಿಸುವ ಮೊದಲು ಬ್ರಿಡ್ಜ್ ಮೇಲಿನ ಬಿಳಿ ಚುಕ್ಕೆಗಳ ಅಡಿಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ. ಜಪಾನಿನ ಹಲವು ಹಳೆಯ ಗಿಟಾರ್‌ಗಳಲ್ಲಿ, ಯಮಾಹಾ ಎಫ್‌ಜಿಯೂ ಸೇರಿ, ಆ ಚುಕ್ಕೆಗಳಡಿ ಬೋಲ್ಟ್ ಅಡಗಿರುತ್ತದೆ. ಅದನ್ನು ಬಿಚ್ಚದೆ ಎತ್ತಿದರೆ ಮೇಲ್ಹಲಗೆಯೇ ಹರಿದುಬರುತ್ತದೆ. ಮರಗೆಲಸದ ಕೈ ಇಲ್ಲದವರು ಇದನ್ನು ಗಿಟಾರ್ ರಿಪೇರಿಯವರಿಗೆ ಕೊಡುವುದು ಲೇಸು.

## ಹಂತ 5: ಕೀಲಿಗಳು, ಆಮೇಲೆ ಹಗುರ ತಂತಿ

ಕೀಲಿಯ ಹಲ್ಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದೇ ಹನಿ. ಅಲುಗಾಡುವ ಸ್ಕ್ರೂ ಬಿಗಿ ಮಾಡಿ. ಸ್ಕ್ರೂ ತೂತು ದೊಡ್ಡದಾಗಿದ್ದರೆ ಬೆಂಕಿಕಡ್ಡಿಗೆ ಅಂಟು ಸವರಿ ತೂತಿಗೆ ತುಂಬಿ, ಒಣಗಿದ ಮೇಲೆ ಸ್ಕ್ರೂ ಹಾಕಿ. ಹಲ್ಲು ಸವೆದು ಕೀಲಿ ಜಾರುತ್ತಿದ್ದರೆ ಮಾತ್ರ ಬದಲಿಸಿ. ಕೊಳ್ಳುವ ಮೊದಲು ತಂತಿ ಸುತ್ತುವ ಕಂಬಗಳಲ್ಲಿ, ಅಂದರೆ ಪೋಸ್ಟ್‌ಗಳಲ್ಲಿ, ಒಂದರ ನಡುವಿಂದ ಇನ್ನೊಂದರ ನಡುವಿಗೆ ಇರುವ ದೂರವನ್ನೂ ಪೋಸ್ಟ್‌ನ ದಪ್ಪವನ್ನೂ ಅಳೆದು ಬರೆದುಕೊಂಡು ಹೋಗಿ. ಕಣ್ಣಳತೆಯಲ್ಲಿ ತಂದದ್ದು ಕೂರುವುದಿಲ್ಲ.

ಶ್ರುತಿ ನಿಲ್ಲುವುದಿಲ್ಲ ಎಂದರೆ ಎಲ್ಲರೂ ಕೀಲಿಯನ್ನೇ ದೂರುತ್ತಾರೆ. ತಂತಿಯನ್ನು ಪೋಸ್ಟ್‌ಗೆ ಸರಿಯಾಗಿ ಸುತ್ತದಿರುವುದು, ನಟ್‌ನ ಸೀಳಿನಲ್ಲಿ ತಂತಿ ಸಿಕ್ಕಿಕೊಳ್ಳುವುದು, ಹೆಚ್ಚು ಸಲ ಇವೇ ಕಾರಣ. ದಪ್ಪ ತಂತಿಗೆ ಎರಡು ಸುತ್ತು, ತೆಳುವಿಗೆ ಮೂರು ನಾಲ್ಕು, ಮೇಲಿಂದ ಕೆಳಕ್ಕೆ. ತಿರುಗಿಸುವಾಗ ನಟ್ ಬಳಿ ‘ಟಿಕ್’ ಎಂದು ಸದ್ದಾದರೆ ಸೀಳಿಗೆ ಪೆನ್ಸಿಲ್ ಸೀಸ ಉಜ್ಜಿ.

ತಂತಿಯ ಆಯ್ಕೆಯಲ್ಲಿ ದುರಾಸೆ ಬೇಡ. ಸ್ಟೀಲ್ ತಂತಿಯ 12-53ರ ಸೆಟ್ (ಅತಿ ತೆಳು ತಂತಿ 0.012 ಇಂಚು, ಅತಿ ದಪ್ಪದ್ದು 0.053 ಇಂಚು) ಗಿಟಾರನ್ನು ಸುಮಾರು 73 ಕೆ.ಜಿ. ಬಲದಿಂದ ಎಳೆಯುತ್ತದೆ, 10-47ರ ಸೆಟ್ ಸುಮಾರು 60 ಕೆ.ಜಿ. ಟ್ರಸ್ ರಾಡ್ ಇಲ್ಲದ ಗಿಟಾರ್‌ಗೆ, ಬ್ರೇಸ್‌ಗಳು ಅಡ್ಡಡ್ಡಲಾಗಿ ಏಣಿ ಮೆಟ್ಟಿಲಿನಂತಿರುವ ಗಿಟಾರ್‌ಗೆ 10ರ ಸೆಟ್ಟೇ ಸರಿ. ಟ್ರಸ್ ರಾಡ್ ಕೆಲಸ ಮಾಡುತ್ತಿದ್ದರೆ 11ರದು. ಇನ್ನೂ ಹಗುರವಾಗಬೇಕೆಂದರೆ ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ, ಎಳೆತ ಶೇ. 11ರಷ್ಟು ತಗ್ಗುತ್ತದೆ. ಒಂದು ಪೂರ್ಣ ಸ್ವರ ಇಳಿಸಿದರೆ ಶೇ. 20ರಷ್ಟು. ಹಾಡುವಾಗ ಮೂಲ ಶ್ರುತಿ ಬೇಕಾದರೆ ಕ್ಯಾಪೊ ಇದೆ. ಹಳೆಯ ಗಿಟಾರ್‌ನ ಆಯುಸ್ಸು ಹೆಚ್ಚಿಸಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ಪಿನ್ ಇರುವ ಬ್ರಿಡ್ಜ್‌ನಲ್ಲಿ ತಂತಿಯ ತುದಿಯಲ್ಲಿರುವ ಗುಂಡು ಪಿನ್ನಿನ ತುದಿಗೆ ಆನದೆ, ಒಳಗಿನ ಪಟ್ಟಿಗೆ ಕಚ್ಚಿ ನಿಲ್ಲಬೇಕು. ತಂತಿಯ ತುದಿಯನ್ನು ಸ್ವಲ್ಪ ಬಾಗಿಸಿ ಹಾಕಿ, ಪಿನ್ ಒತ್ತಿ ಹಿಡಿದು ತಂತಿಯನ್ನು ಮೇಲಕ್ಕೆಳೆಯಿರಿ. ಪಿನ್ ಮೇಲೆದ್ದರೆ ಗುಂಡು ಸರಿಯಾಗಿ ಕೂತಿಲ್ಲ. ಹಳೆಯ ಪಿನ್ನನ್ನು ಇಕ್ಕಳದಿಂದ ಕೀಳಬೇಡಿ, ಒಳಗೆ ಕೈಹಾಕಿ ನಾಣ್ಯದಿಂದ ಮೇಲಕ್ಕೆ ತಳ್ಳಿ.

ಶ್ರುತಿ ಮಾಡಿ ಎರಡು ದಿನ ಬಿಡಿ. ನೆಕ್ ಹೊಸ ಎಳೆತಕ್ಕೆ ಒಗ್ಗಿಕೊಂಡ ಮೇಲೆಯೇ ಅಳತೆ ತೆಗೆಯುವುದು.

## ಹಂತ 6: ನೆಕ್‌ನ ಎರಡು ಪ್ರಶ್ನೆ

ನೆಕ್‌ಗೆ ಸಂಬಂಧಿಸಿ ಎರಡು ಬೇರೆ ಬೇರೆ ದೋಷಗಳಿವೆ. ಎರಡೂ ತಂತಿಯನ್ನು ಎತ್ತರ ಮಾಡುತ್ತವೆ. ಮದ್ದು ಮಾತ್ರ ಪೂರ್ತಿ ಬೇರೆ.

ಮೊದಲನೆಯದು ಬಾಗು. ನೆಕ್ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್, ಅವನ್ನು ಹೆಡ್ ಕಡೆಯಿಂದ ಎಣಿಸಿ. ಒಂದನೇ ಫ್ರೆಟ್‌ಗೆ ಕ್ಯಾಪೊ ಹಾಕಿ, ನೆಕ್ ಬಾಡಿಗೆ ಸೇರುವ ಫ್ರೆಟ್ (ಸಾಮಾನ್ಯವಾಗಿ 14) ಬಳಿ ದಪ್ಪ ತಂತಿಯನ್ನು ಒತ್ತಿ. ಈಗ ತಂತಿಯೇ ನಿಮ್ಮ ನೇರಗೆರೆ. 7ನೇ ಫ್ರೆಟ್ ಮತ್ತು ತಂತಿಯ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಿರಿ. 0.15ರಿಂದ 0.30 ಮಿ.ಮೀ. ಇದ್ದರೆ ಸರಿ. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿರಬಹುದು, ಮೊದಲ ಫ್ರೆಟ್‌ಗಳಲ್ಲಿ ತಂತಿ ಜುಂಯ್ ಅನ್ನುತ್ತದೆ. 0.4 ದಾಟಿದರೆ ಮುಂದಕ್ಕೆ ಬಾಗಿದೆ.

ಟ್ರಸ್ ರಾಡ್ ಇದ್ದರೆ ಪ್ರದಕ್ಷಿಣೆ ದಿಕ್ಕಿನಲ್ಲಿ ಬಿಗಿ ಮಾಡಿದಾಗ ಬಾಗು ಕಡಿಮೆಯಾಗುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಮತ್ತೆ ಶ್ರುತಿ ಮಾಡಿ, ಮರುದಿನ ಅಳೆಯಿರಿ. ದಶಕಗಳಿಂದ ಮುಟ್ಟದ ರಾಡ್ ತುದಿಯ ತಿರುಪು ನಟ್ಟು ಹಿಡಿದುಕೊಂಡಿರುತ್ತದೆ. ಒಂದು ಹನಿ ಎಣ್ಣೆ ಬಿಟ್ಟು ರಾತ್ರಿ ಕಳೆಯಲು ಬಿಡಿ. ಆಮೇಲೂ ತಿರುಗದಿದ್ದರೆ ಬಲ ಹಾಕಬೇಡಿ, ರಾಡ್ ತುಂಡಾದರೆ ಫಿಂಗರ್‌ಬೋರ್ಡನ್ನೇ ಕೀಳಬೇಕಾಗುತ್ತದೆ. ರಾಡ್ ಇಲ್ಲದ ನೆಕ್ ಬಾಗಿದ್ದರೆ ಮನೆಯಲ್ಲಿ ಮಾಡಬಹುದಾದದ್ದು ಒಂದೇ: ತಂತಿ ಇನ್ನೂ ಹಗುರ, ಶ್ರುತಿ ಇನ್ನೂ ತಗ್ಗು.

ಎರಡನೆಯದು ಕೋನ. ಉದ್ದನೆಯ ಸ್ಕೇಲನ್ನು ಫ್ರೆಟ್‌ಗಳ ಮೇಲೆ, ಮೂರು ನಾಲ್ಕನೇ ತಂತಿಗಳ ನಡುವೆ ಇಟ್ಟು ಬ್ರಿಡ್ಜ್ ಕಡೆಗೆ ಸರಿಸಿ. ಸ್ಕೇಲಿನ ತುದಿ ಬ್ರಿಡ್ಜ್ ಮರದ ಮೇಲ್ಮೈಯನ್ನು ಸವರಿಕೊಂಡು ಹೋಗಬೇಕು (ಸ್ಯಾಡಲ್‌ನದಲ್ಲ, ಮರದ್ದು). 1 ಮಿ.ಮೀ. ಕೆಳಗೆ ಬಡಿದರೆ ಸಹಿಸಿಕೊಳ್ಳಬಹುದು. 2-3 ಮಿ.ಮೀ. ಕೆಳಗೆ ಬಡಿದರೆ, ವರ್ಷಗಳ ಎಳೆತಕ್ಕೆ ನೆಕ್‌ನ ಕೋನವೇ ಬದಲಾಗಿದೆ. ಇದನ್ನು ಟ್ರಸ್ ರಾಡ್ ಸರಿಪಡಿಸಲಾರದು. ಪ್ರಯತ್ನಿಸಿದವರು ರಾಡ್ ಮುರಿಯುತ್ತಾರೆ.

ಇದಕ್ಕೆ ನಿಜವಾದ ಪರಿಹಾರ ನೆಕ್ ಬಿಚ್ಚಿ ಕೋನ ತಿದ್ದಿ ಮತ್ತೆ ಕೂಡಿಸುವುದು. ಬೋಲ್ಟ್ ಹಾಕಿದ ನೆಕ್ ಆದರೆ ಕೆಲಸ ಅಷ್ಟು ಕಷ್ಟವಲ್ಲ. ಅಂಟಿಸಿದ ನೆಕ್ ಆದರೆ ರಿಪೇರಿ ಖರ್ಚು ಗಿಟಾರ್‌ನ ಬೆಲೆಯನ್ನು ಮೀರುತ್ತದೆ. ಆದರೂ ದನಿ ನಿಮಗೆ ಒಪ್ಪಿಗೆಯಾದರೆ ಮಾಡಿಸಿ. ಮಾರುಕಟ್ಟೆ ಬೆಲೆ ಕೊಳ್ಳುವ ದಿನಕ್ಕೆ ಸಂಬಂಧಿಸಿದ್ದು, ನೀವು ಅದನ್ನು ಇನ್ನೂ ಇಪ್ಪತ್ತು ವರ್ಷ ನುಡಿಸುವವರು. ಟೇಲ್‌ಪೀಸ್ ಇರುವ ಗಿಟಾರ್‌ನಲ್ಲಿ ಬ್ರಿಡ್ಜನ್ನೇ ತಗ್ಗಿಸಬಹುದಾದ್ದರಿಂದ ಈ ತೊಂದರೆ ಅಷ್ಟು ಬಾಧಿಸುವುದಿಲ್ಲ.

## ಹಂತ 7: ಫ್ರೆಟ್

ಎಟಿಎಂ ಕಾರ್ಡಿನ ಅಂಚನ್ನು ಅಕ್ಕಪಕ್ಕದ ಮೂರು ಫ್ರೆಟ್‌ಗಳ ಮೇಲೆ ನಿಲ್ಲಿಸಿ. ತೂಗಾಡಿದರೆ ನಡುವಿನ ಫ್ರೆಟ್ ಎದ್ದಿದೆ. ಎದ್ದ ಫ್ರೆಟ್ ಮೇಲೆ ಮರದ ತುಂಡಿಟ್ಟು, ನೆಕ್‌ನ ಕೆಳಗೆ ದಪ್ಪ ಬಟ್ಟೆ ಕೊಟ್ಟು, ಮೆಲ್ಲಗೆ ಕುಟ್ಟಿ ಕೂರಿಸಿ. ಕೂತದ್ದು ಮತ್ತೆ ಏಳುತ್ತಿದ್ದರೆ ತೆಳುವಾದ ಫೆವಿಕ್ವಿಕ್ ಒಂದು ಹನಿ ಸಂದಿಗೆ. ಸುತ್ತ ಟೇಪ್ ಹಚ್ಚಿರಲಿ.

ಮೊದಲ ಮೂರು ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಳಿ ಉಗುರಿಗೆ ಸಿಗುತ್ತದೆ. ಸ್ವಲ್ಪವಾದರೆ ಬಿಟ್ಟುಬಿಡಿ. ಆ ಜಾಗದಲ್ಲೇ ಸ್ವರ ಜುಂಯ್ ಎಂದರೆ ಆ ಫ್ರೆಟ್‌ಗಳನ್ನಷ್ಟೇ ಬದಲಾಯಿಸಿ ಕೊಡುತ್ತಾರೆ, ಎಲ್ಲವನ್ನೂ ಬದಲಿಸಬೇಕಿಲ್ಲ.

## ಹಂತ 8: ನಟ್

ಎಫ್ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಒತ್ತಬೇಕಾದ ಸ್ವರಗುಚ್ಛ) ಹಿಡಿಯಲಾಗದೆ ಗಿಟಾರ್ ಬಿಟ್ಟವರಲ್ಲಿ ಎಷ್ಟೋ ಮಂದಿಯ ಬೆರಳಿನಲ್ಲಿ ದೋಷವಿರಲಿಲ್ಲ. ಅಗ್ಗದ ಗಿಟಾರ್‌ಗಳು ಕಾರ್ಖಾನೆಯಿಂದಲೇ ಎತ್ತರದ ನಟ್ ಹೊತ್ತು ಬರುತ್ತವೆ. ಪರೀಕ್ಷೆ ಸುಲಭ: ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 1ನೇ ಫ್ರೆಟ್ ಮೇಲಿನ ಸಂದು ನೋಡಿ. ತೆಳು ತಂತಿಗೆ 0.1 ಮಿ.ಮೀ., ದಪ್ಪದ್ದಕ್ಕೆ 0.2 ಇದ್ದರೆ ಸರಿ. ಇನ್ನೊಂದು ಲಕ್ಷಣ, ಬಿಟ್ಟ ತಂತಿ ಶ್ರುತಿಯಲ್ಲಿದ್ದರೂ ಮೊದಲ ಫ್ರೆಟ್‌ನ ಸ್ವರ ಏರಿ ಕೇಳಿಸುತ್ತದೆ.

ಸೀಳನ್ನು ಆಳ ಮಾಡಲು ಟಿಪ್ ಕ್ಲೀನರ್‌ನ ಕಡ್ಡಿಗಳಲ್ಲಿ ತಂತಿಯಷ್ಟೇ ದಪ್ಪದ್ದನ್ನು ಆರಿಸಿ. ಹೆಡ್ ಕಡೆಗೆ ತುಸು ಇಳಿಜಾರಾಗಿ ನಾಲ್ಕು ಬಾರಿ ಉಜ್ಜಿ, ತಂತಿ ಕೂರಿಸಿ, ಅಳೆಯಿರಿ. ಮತ್ತೆ ನಾಲ್ಕು ಬಾರಿ. ಆತುರಪಟ್ಟವರು ಇಲ್ಲಿ ಕೆಡಿಸುತ್ತಾರೆ. ಒಂದು ಸೀಳು ಹೆಚ್ಚು ಆಳವಾದರೆ ಅಡುಗೆ ಸೋಡಾ ಪುಡಿ ತುಂಬಿ ಅದರ ಮೇಲೆ ಒಂದು ಹನಿ ಫೆವಿಕ್ವಿಕ್ ಬಿಡಿ, ಕಲ್ಲಿನಂತಾಗುತ್ತದೆ. ಮತ್ತೆ ಸೀಳು ಕೊರೆಯಬಹುದು. ಹನಿ ಬಿಡುವಾಗ ಹೊಗೆ ಬರುತ್ತದೆ, ಮುಖ ದೂರವಿರಲಿ.

## ಹಂತ 9: ಕೊನೆಗೆ ಸ್ಯಾಡಲ್

ಈಗ ಮಾತ್ರ ಸ್ಯಾಡಲ್‌ಗೆ ಕೈಹಾಕಿ. 12ನೇ ಫ್ರೆಟ್‌ನ ಮೇಲ್ತುದಿಯಿಂದ ತಂತಿಯ ಅಡಿಗೆ ಎಷ್ಟಿದೆ ಅಳೆಯಿರಿ. ದಪ್ಪ ತಂತಿಗೆ 2.4 ಮಿ.ಮೀ., ತೆಳುವಿಗೆ 1.8 ಹಿತವಾದ ಅಳತೆ. ಜೋರಾಗಿ ಮೀಟುವವರು 2.8 ಮತ್ತು 2.0 ಇಟ್ಟುಕೊಳ್ಳಿ.

12ನೇ ಫ್ರೆಟ್ ತಂತಿಯ ನಡುಮಧ್ಯ. ಅಲ್ಲಿ ಎಷ್ಟು ಇಳಿಯಬೇಕೋ ಅದರ ಎರಡರಷ್ಟನ್ನು ಸ್ಯಾಡಲ್‌ನಲ್ಲಿ ತೆಗೆಯಬೇಕು. ಈಗ 3.2 ಇದೆ, 2.4 ಬೇಕು ಎಂದರೆ ತೆಗೆಯಬೇಕಾದದ್ದು 1.6 ಮಿ.ಮೀ. ಹಾಗೆ ತೆಗೆದ ಮೇಲೂ ಬ್ರಿಡ್ಜ್ ಮರದಿಂದ ಮೇಲೆ ಸ್ಯಾಡಲ್ ಕನಿಷ್ಠ 2-3 ಮಿ.ಮೀ. ಉಳಿಯಬೇಕು. ಉಳಿಯದಿದ್ದರೆ ತಂತಿ ಸ್ಯಾಡಲ್ ಮೇಲೆ ಒತ್ತಿ ಕೂರುವುದಿಲ್ಲ, ದನಿ ಬಡವಾಗುತ್ತದೆ. ಆ ಗಿಟಾರ್‌ನ ರೋಗ ಹಂತ 6ರ ಕೋನದ್ದು.

ಸ್ಯಾಡಲನ್ನು ಅಡಿಯಿಂದ ಉಜ್ಜಬೇಕು, ಮೇಲಿನಿಂದಲ್ಲ. ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ ಅಂಟಿಸಿದ 120ರ ಸ್ಯಾಂಡ್‌ಪೇಪರ್‌ನಲ್ಲಿ ನೇರವಾಗಿ ಉಜ್ಜಿ, ಕೊನೆಯಲ್ಲಿ 220. ಅಡಿ ಸಮತಟ್ಟಾಗಿರದಿದ್ದರೆ ಒಂದೆರಡು ತಂತಿಗಳ ದನಿ ಸತ್ತಂತಾಗುತ್ತದೆ. ಹಳೆಯ ಸ್ಯಾಡಲನ್ನು ಎಸೆಯದೆ, ಮೂಳೆಯ ಹೊಸದೊಂದನ್ನು ತಂದು ಅದನ್ನು ಉಜ್ಜಿ. ಬೇಸಗೆಯಲ್ಲಿ ಮೇಲ್ಹಲಗೆ ತಗ್ಗಿ ತಂತಿ ಇಳಿದಾಗ ಎತ್ತರದ ಹಳೆಯದು ಕೆಲಸಕ್ಕೆ ಬರುತ್ತದೆ. ಒಂದೇ ಗಿಟಾರ್‌ಗೆ ಬೇಸಗೆಯ ಸ್ಯಾಡಲ್, ಮಳೆಗಾಲದ ಸ್ಯಾಡಲ್ ಎಂದು ಎರಡು ಇಟ್ಟುಕೊಳ್ಳುವುದು ಕರಾವಳಿಯವರಿಗೆ ಬಹಳ ಅನುಕೂಲ.

ಟೇಲ್‌ಪೀಸ್ ಗಿಟಾರ್‌ನಲ್ಲಿ ಕೊನೆಯದಾಗಿ ಬ್ರಿಡ್ಜ್‌ನ ಜಾಗ ನೋಡಬೇಕು. ನಟ್‌ನಿಂದ 12ನೇ ಫ್ರೆಟ್‌ಗೆ ಎಷ್ಟಿದೆಯೋ ಅಲ್ಲಿಂದ ಬ್ರಿಡ್ಜ್‌ಗೂ ಅಷ್ಟೇ, ಜತೆಗೆ ತೆಳು ತಂತಿಯ ಕಡೆ 2 ಮಿ.ಮೀ., ದಪ್ಪದ ಕಡೆ 4-5 ಹೆಚ್ಚು. ಆಮೇಲೆ ಟ್ಯೂನರ್ ಹಿಡಿದು, 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರವನ್ನು ಅಲ್ಲೇ ಬೆರಳು ಸೋಕಿಸಿ ಹೊರಡಿಸಿದ ಹಾರ್ಮೋನಿಕ್ ಸ್ವರಕ್ಕೆ ಹೋಲಿಸಿ. ಒತ್ತಿದ್ದು ಏರಿದ್ದರೆ ಬ್ರಿಡ್ಜನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸಿಕ್ಕಿದ ಮೇಲೆ ಬ್ರಿಡ್ಜ್‌ನ ಎರಡೂ ಪಾದದ ಸುತ್ತ ಸಣ್ಣ ಗುರುತು ಮಾಡಿ. ಮುಂದೆ ತಂತಿ ಬದಲಿಸುವಾಗ ಒಂದೊಂದನ್ನೇ ಬಿಚ್ಚಿ ಹಾಕಿ.

## ಹಂತ 10: ಮುಂದಿನ ವರ್ಷಗಳಿಗೆ

ನುಡಿಸಿದ ಪ್ರತಿ ಸಲ ತಂತಿಯನ್ನು ಮೇಲೂ ಕೆಳಗೂ ಒಣ ಬಟ್ಟೆಯಿಂದ ಒರೆಸಿ. ಬೆವರೂ ಕಡಲ ಗಾಳಿಯೂ ಸೇರಿದರೆ ತಂತಿ ವಾರದಲ್ಲೇ ತುಕ್ಕು ಹಿಡಿಯುತ್ತದೆ, ಆ ತುಕ್ಕು ಫ್ರೆಟ್ಟನ್ನು ಅರದಂತೆ ಸವೆಸುತ್ತದೆ.

ಒಂದು ನೋಟ್‌ಬುಕ್ ಇಡಿ. ಮೇ ಕೊನೆಯಲ್ಲಿ, ಅಕ್ಟೋಬರ್ ಕೊನೆಯಲ್ಲಿ ನಾಲ್ಕು ಅಳತೆ ಬರೆಯಿರಿ: 7ನೇ ಫ್ರೆಟ್‌ನ ಬಾಗು, 12ರಲ್ಲಿ ತಂತಿಯ ಎತ್ತರ, ಸ್ಯಾಡಲ್‌ನ ಎತ್ತರ, ಬ್ರಿಡ್ಜ್ ಹಿಂದೆ ಕಾಗದ ಎಷ್ಟು ಹೋಗುತ್ತದೆ. ಋತುವಿಗೆ ತಕ್ಕಂತೆ ಅಳತೆ ಏರಿಳಿದರೆ ಅದು ಮರದ ಸ್ವಭಾವ. ವರ್ಷದಿಂದ ವರ್ಷಕ್ಕೆ ಒಂದೇ ದಿಕ್ಕಿಗೆ ಸರಿದರೆ ಅದು ಎಚ್ಚರಿಕೆ. ಆಗ ತಂತಿಯನ್ನು ಒಂದು ಸೆಟ್ ಹಗುರ ಮಾಡಿ, ಹಂತ 2ಕ್ಕೆ ಮರಳಿ.

ತಿಂಗಳಿಗಿಂತ ಹೆಚ್ಚು ನುಡಿಸುವುದಿಲ್ಲವಾದರೆ ತಂತಿಯನ್ನು ಒಂದು ಸ್ವರ ಇಳಿಸಿ ಇಡಿ, ಪೂರ್ತಿ ಸಡಿಲಿಸುವುದು ಬೇಡ. ಮಲೆನಾಡಿನ ಮನೆಗಳಲ್ಲಿ ಮಳೆ ಬಡಿಯುವ ಹೊರಗೋಡೆಗೆ ಗಿಟಾರ್ ತೂಗುಹಾಕಬಾರದು, ಒಳಗೋಡೆಯೇ ಸರಿ. ಕೇಸಿನೊಳಗೆ ನುಸಿಗುಳಿಗೆ ಹಾಕುವ ರೂಢಿಯಿದೆ. ಅದರ ಆವಿ ಪ್ಲಾಸ್ಟಿಕ್ ಭಾಗಗಳನ್ನೂ ಬಣ್ಣವನ್ನೂ ಮೆತ್ತಗಾಗಿಸಬಹುದು, ಹಾಕಬೇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಗಿಟಾರ್ ಬಿಡುವುದಂತೂ ಬ್ರಿಡ್ಜ್ ಕಳೆದುಕೊಳ್ಳುವ ಹತ್ತಿರದ ದಾರಿ.

ರಿಪೇರಿಗೆ ಕೊಡುವಾಗ ಆ ನೋಟ್‌ಬುಕ್ ಜತೆಗಿರಲಿ. ‘ತಂತಿ ಎತ್ತರ ಇದೆ, ಇಳಿಸಿಕೊಡಿ’ ಎಂದರೆ ಸ್ಯಾಡಲ್ ಉಜ್ಜಿ ಕೊಡುತ್ತಾರೆ. ‘ಬಾಗು 0.25, 12ರಲ್ಲಿ 3.6, ಸ್ಯಾಡಲ್ 2 ಮಿ.ಮೀ. ಮಾತ್ರ ಉಳಿದಿದೆ, ಸ್ಕೇಲ್ ಬ್ರಿಡ್ಜ್‌ಗೆ 3 ಮಿ.ಮೀ. ಕೆಳಗೆ ಬಡಿಯುತ್ತದೆ’ ಎಂದರೆ ಮಾತು ನೇರ ನೆಕ್‌ನ ಕೋನಕ್ಕೆ ಬರುತ್ತದೆ. ಯಾವ ಅಂಟು ಬಳಸುತ್ತೀರಿ ಎಂದು ಕೇಳಿ. ಎಪಾಕ್ಸಿ ಅಂದರೆ ಗಿಟಾರನ್ನು ವಾಪಸ್ ತನ್ನಿ. ಕಳಚಿದ ಹಳೆಯ ಭಾಗಗಳನ್ನೆಲ್ಲ, ಮುರಿದ ಪಿನ್ನೂ ಸೇರಿ, ಕೇಳಿ ಪಡೆದುಕೊಳ್ಳಿ. ಮುಂದಿನ ಸಲ ಅಳತೆಗೆ ಅವೇ ಆಧಾರ.